ಬಟ್ಟಲಿನ ಮುತ್ತು ಮತ್ತು ಹನ್ನೆರಡು ಮೂವತ್ತೈದು

ದಿಬ್ಬಣದ ಬಸ್ಸು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಳ್ಳಬಹುದಿತ್ತು. ಅದೂ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು, ರಸ್ತೆಯೆಂದರೆ ತನ್ನ ಮಾವ ಬರೆದುಕೊಟ್ಟ ಆಸ್ತಿ ಎಂಬಂತೆ ನಟ್ಟನಡುವೆ ಹೋಗುವ ಟ್ರ್ಯಾಕ್ಟರು. ಕೃಷ್ಣಾ ನದಿಯ ಸೇತುವೆಯ ಮೇಲೆ ಬಸ್ಸಿನ ಗಾಲಿ ಪಂಕ್ಚರ್ ಆಗಬಹುದಿತ್ತು. ಬಸ್ಸು ಸುಸೂತ್ರವಾಗಿ ಬಂದರೂ ಮದುಮಗನ ಗೆಳೆಯರು ಬ್ಯಾಂಡಿನ ಮುಂದೆ ಕುಣಿಯಲು ನಿಂತು, ಮಂಗಲ ಕಾರ್ಯಾಲಯದ ಬಾಗಿಲು ಮುಟ್ಟುವ ಹೊತ್ತಿಗೆ ಹೊತ್ತು ಇಳಿಯಬಹುದಿತ್ತು. ಲಗ್ನ ಮಾಡಿಸುವ ಉಪಾಧ್ಯೆಯವರು ಅದೇ ದಿನ ಕಾಗವಾಡದಲ್ಲಿ ಇನ್ನೊಂದು ಲಗ್ನ ಒಪ್ಪಿಕೊಂಡಿರಬಹುದಿತ್ತು. ಕರೆಂಟು ಹೋಗಬಹುದಿತ್ತು, ಜನರೇಟರ್ ಇದ್ದರೂ ಅದರ ಕೀಲಿ ಇದ್ದವನು ಊಟಕ್ಕೆ ಹೋಗಿರಬಹುದಿತ್ತು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ತಿಳಿಯದೆ ಸಾರಿಗೆ ಎರಡು ಸಲ ಉಪ್ಪು ಬೀಳಬಹುದಿತ್ತು. ಮಗಳ ಸೋದರಮಾವನಿಗೆ ಯಾವುದಾದರೂ ಮಾತಿಗೆ ಸಿಟ್ಟು ಬರಬಹುದಿತ್ತು. ಸೋದರಮಾವಂದಿರು ಲಗ್ನಕ್ಕೆ ಬರುವುದೇ ಅದಕ್ಕೆ. ನಿಪ್ಪಾಣಿಯಲ್ಲಿರುವ ನನ್ನ ಅಕ್ಕ ತಾನೇ ಕಟ್ಟಿದ ಮಂಗಳಾಷ್ಟಕವನ್ನು ಎಂಟಕ್ಕೆ ನಿಲ್ಲಿಸದೆ ಹದಿನಾರರ ತನಕ ಹಾಡಬಹುದಿತ್ತು. ಇದೆಲ್ಲ ಪಾರಾದ ಮೇಲೂ ಮದುಮಗಳ ಹಣೆಗೆ ಕಟ್ಟಿದ ದಂಡೆಯಿಂದ ಒಂದು ಮುತ್ತು ಉದುರಬಹುದಿತ್ತು.

ಕೊನೆಯದಕ್ಕೆ ನೀವು ನಗುತ್ತೀರಿ ಎಂದು ನನಗೆ ಗೊತ್ತು. ನನ್ನ ಹೆಂಡತಿ ಪದ್ಮಾವತಿಯೂ ನಕ್ಕಳು. "ಮುತ್ತು ಉದುರಿದ್ರ ಆರಿಸಿಕೊಂಡ್ರಾತು. ಅದಕ್ಯಾಕ ರಾತ್ರೆಲ್ಲಾ ಹೊರಳ್ಯಾಡತೀರಿ?" ಎಂದಳು. ಉಳಿದ ಗಂಡಾಂತರಗಳನ್ನೆಲ್ಲ ನಾನು ನನ್ನ ಸ್ವಂತ ಬುದ್ಧಿಯಿಂದ ಹೆಣೆದುಕೊಂಡಿದ್ದೆ, ನಿಜ. ಮುತ್ತಿನ ಭಯ ಮಾತ್ರ ನನಗೆ ಗಣಿತದಿಂದ ಬಂದದ್ದು.

ಗಣಿತಕ್ಕೂ ನನಗೂ ಏನು ಸಂಬಂಧ ಎಂದರೆ, ಸಂಬಂಧವಿಲ್ಲ ಎಂಬುದೇ ಸಂಬಂಧ. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಪುಸ್ತಕ, ನೋಟಬುಕ್ಕು, ಪೆನ್ನಿನ ಅಂಗಡಿ. ಜೂನ್ ತಿಂಗಳು ಬಂದರೆ ಕಂಪಾಸ್ ಪೆಟ್ಟಿಗೆಗಳನ್ನು ಗೋಡೆಯಂತೆ ಪೇರಿಸಿ ಅದರ ಹಿಂದೆ ಕೂರುತ್ತೇನೆ. ಆ ಪೆಟ್ಟಿಗೆಯಲ್ಲಿರುವ ಎರಡು ಮುಳ್ಳಿನ ಸಾಮಾನು ಯಾತಕ್ಕೆಂದು ಇವತ್ತಿಗೂ ನನಗೆ ತಿಳಿಯದು. ಗಿರಾಕಿ ಕೇಳಿದರೆ, "ಸರ್ ಹೇಳ್ತಾರ, ಒಯ್ರಿ" ಎನ್ನುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನನಗೆ ಬಿದ್ದದ್ದು ಮೂವತ್ತೈದು. ಒಂದು ಕಡಿಮೆ ಬಿದ್ದಿದ್ದರೆ ನಪಾಸು, ಒಂದು ಹೆಚ್ಚು ಬಿದ್ದಿದ್ದರೆ ನನ್ನ ಮೇಲೆ ನನಗೇ ಅನುಮಾನ. ಹೀಗಾಗಿ ಮಗಳ ಲಗ್ನದ ಮುಹೂರ್ತ ಹನ್ನೆರಡು ಮೂವತ್ತೈದು ಎಂದು ಉಪಾಧ್ಯೆಯವರು ಪಂಚಾಂಗ ಮಡಿಚಿದಾಗ ನನಗೆ ಹಳೆಯ ಪರೀಕ್ಷೆಯ ಗಂಟೆ ಕೇಳಿಸಿತು.

ನಾನು ಹುಟ್ಟಿ ಓದಿದ್ದು ರಾಯಬಾಗ ತಾಲೂಕಿನ ಪಾಲಬಾವಿಯ ಕಡೆ. ನಮ್ಮ ಗಡಿ ಸೀಮೆಯ ಒಂದು ವಿಚಿತ್ರ ಹೇಳಬೇಕು. ಇಲ್ಲಿ ನಾವು ಜಗಳಾಡುವುದು ಕನ್ನಡದಲ್ಲಿ, ಎಣಿಸುವುದು ಮರಾಠಿಯಲ್ಲಿ. ಸಂತೆಯಲ್ಲಿ ಬದನೆಕಾಯಿಗೆ ಕನ್ನಡದಲ್ಲಿ ಚೌಕಾಸಿ ಮಾಡಿದ ಹೆಣ್ಣುಮಗಳು ಚೀಲ ಎತ್ತುವಾಗ ತುಟಿ ಅಲ್ಲಾಡಿಸಿ "ಬೇ ದುಣೆ ಚಾರ, ಬೇ ತ್ರಿಕ ಸಹಾ" ಎಂದು ಎರಡರ ಮಗ್ಗಿ ಹೇಳಿಕೊಳ್ಳುತ್ತಾಳೆ. ಮಗ್ಗಿ ಯಾವ ಭಾಷೆಯಲ್ಲಿ ಬಾಯಿಪಾಠವಾಗಿರುತ್ತದೋ ಸಾಯುವ ತನಕ ಲೆಕ್ಕ ಅದರಲ್ಲೇ. ನನಗೆ ಅರ್ಧ ಮಗ್ಗಿ ಕನ್ನಡದಲ್ಲೂ ಅರ್ಧ ಮರಾಠಿಯಲ್ಲೂ ಬರುತ್ತದೆ. ಏಳರ ಮಗ್ಗಿ ಎರಡರಲ್ಲೂ ಬರುವುದಿಲ್ಲ.

ಇಂಥ ಮಕ್ಕಳಿಗೆ ಗಣಿತ ಕಲಿಸಲು ಬಂದವರು ಮಗದುಮ್ಮ ಸರ್. ತೆಳ್ಳಗೆ, ಉದ್ದಕ್ಕೆ, ಗೋಡೆಗೆ ಒರಗಿಸಿಟ್ಟ, ನಕ್ಷೆ ಬರೆಯುವ ಟೀ-ಸ್ಕ್ವೇರಿನ ಹಾಗಿದ್ದರು. ಅವರದೊಂದು ಪದ್ಧತಿ. ಗಣಿತಜ್ಞರ ಹೆಸರನ್ನು ಅವರು ಎಂದೂ ಹೇಳುತ್ತಿರಲಿಲ್ಲ. "ಹೆಸರು ಹೇಳಿದ್ರ ನೀವು ಅಂಜ್ತೀರಿ. ನಾಲಿಗಿ ಹೊರಳೂದಿಲ್ಲ, ಆಮ್ಯಾಲ ತಲಿನೂ ಹೊರಳೂದಿಲ್ಲ. ಬೀಗರು ಅಂತ ತಿಳಕೋರಿ, ಹತ್ರ ಆಗ್ತಾರ" ಎನ್ನುತ್ತಿದ್ದರು. ಹಾಗಾಗಿ ನಮ್ಮ ತರಗತಿಯಲ್ಲಿ ಎರಡೂವರೆ ಸಾವಿರ ವರ್ಷದ ಗಣಿತದ ಇತಿಹಾಸವೆಲ್ಲ ಒಂದು ದೊಡ್ಡ ಮನೆತನವಾಗಿತ್ತು. ಸ್ನಾನದ ತೊಟ್ಟಿಯಲ್ಲಿ ನೀರು ಉಕ್ಕಿದ್ದು ನೋಡಿ, ಸಿಕ್ಕಿತು ಸಿಕ್ಕಿತು ಎಂದು ಬತ್ತಲೆ ಓಡಿದ ಗ್ರೀಕನು ತೊಟ್ಟಿ ಮಾವ. ಒಂದು ಮೂಲೆ ಲಂಬಕೋನವಾಗಿರುವ ತ್ರಿಕೋನದ ಗುಟ್ಟು ಹೇಳಿದವನು ಕಾಟಕೋನದ ಕಾಕಾ. ಅವನಿಗೆ ಅವರೆಕಾಳಿನಂಥ ಕಾಳು ಕಂಡರೆ ಆಗುತ್ತಿರಲಿಲ್ಲವಂತೆ. ಸಮುದ್ರ ದಾಟಿ ಚಳಿಯ ದೇಶಕ್ಕೆ ಹೋಗಿ ಅನ್ನಸಾರಿಗೆ ಪರದಾಡಿದ, ಮೋಟಾರಿನ ನಂಬರು ಕಂಡರೂ ಅದರಲ್ಲೊಂದು ಸೋಜಿಗ ಹುಡುಕಿ ಹೇಳುತ್ತಿದ್ದ ದಕ್ಷಿಣದ ಕಾರಕೂನನು ನಮ್ಮ ತಮ್ಮ. ಹೆಣ್ಣುಮಕ್ಕಳಿಗೆ ಕಲಿಸುವುದಿಲ್ಲ ಎಂದವರಿಗೆ ಗಂಡಸಿನ ಹೆಸರು ಹಾಕಿ ಗಣಿತ ಬರೆದು ಕಳಿಸುತ್ತಿದ್ದ ಫ್ರೆಂಚ್ ಹೆಂಗಸು ಅತ್ಯಾ, ಅಂದರೆ ಸೋದರತ್ತೆ.

ಉಳಿದ ಹುಡುಗರು ಈ ಕತೆ ಕೇಳಿ ನಕ್ಕು ಮರೆತರು. ನಾನು ಚಿಂತೆಗೆ ಬಿದ್ದೆ. ತೊಟ್ಟಿ ಮಾವ ಒದ್ದೆ ಮೈಯಲ್ಲಿ ಬೀದಿಗೆ ಹೋದನಲ್ಲ, ನೆಗಡಿ ಆಗಲಿಲ್ಲವೇ? ಅವನ ಹೆಂಡತಿಗೆ ಆ ಮೇಲೆ ಓಣಿಯಲ್ಲಿ ತಲೆ ಎತ್ತಿ ನಡೆಯಲು ಸಾಧ್ಯವಾಯಿತೇ? ಮುಂದಿನ ವರ್ಷ ಸರ್ ಉಳಿದ ಕತೆ ಹೇಳಿದರು. ಅದೇ ಮಾವ ಮುಪ್ಪಿನಲ್ಲಿ ಮರಳಿನ ಮೇಲೆ ವೃತ್ತ ಬರೆಯುತ್ತ ಕುಳಿತಿದ್ದನಂತೆ. ಶತ್ರುಗಳ ಸಿಪಾಯಿ ಬಂದು ಕತ್ತಿ ಹಿರಿದು ನಿಂತರೂ ತಲೆ ಎತ್ತದೆ, ವೃತ್ತ ತುಳೀಬೇಡ ಎಂದನಂತೆ. ಅಲ್ಲಿಗೆ ಮುಗಿಯಿತು. ಇನ್ನೊಬ್ಬ ದೊಡ್ಡಪ್ಪ ನಕ್ಷತ್ರ ನೋಡುತ್ತ ನಡೆದು ಬಾವಿಗೆ ಬಿದ್ದ. ಒಬ್ಬನು, ಕೆಲವು ಉದ್ದಗಳನ್ನು ಯಾವ ಭಾಗಾಕಾರದಿಂದಲೂ ಸರಿಯಾಗಿ ಹೇಳಲು ಬರುವುದಿಲ್ಲ ಎಂಬ ಗುಟ್ಟನ್ನು ಹೊರಗೆ ಬಿಟ್ಟನೆಂದು ಜೊತೆಗಾರರೇ ಅವನನ್ನು ಸಮುದ್ರಕ್ಕೆ ನೂಕಿದರಂತೆ. ಫ್ರಾನ್ಸಿನ ಒಬ್ಬ ತರುಣ ಹೊಸ ಗಣಿತ ಬರೆದಿಟ್ಟು, ಬೆಳಗಾಗೆದ್ದು ಪಿಸ್ತೂಲಿನ ಕಾಳಗಕ್ಕೆ ಹೋಗಿ ಸತ್ತ. ನಾನು ಹದಿಮೂರನೆಯ ವಯಸ್ಸಿನಲ್ಲೇ ತೀರ್ಮಾನಿಸಿದೆ: ಇದು ಹುಷಾರಾಗಿ ಬದುಕುವವರು ಮಾಡುವ ಉದ್ಯೋಗವಲ್ಲ. ಅದಕ್ಕೇ ಕಂಪಾಸ್ ಪೆಟ್ಟಿಗೆ ಮಾರುತ್ತ ಉಳಿದೆ. ಇಲ್ಲಿಯ ತನಕ ಯಾರೂ ಕತ್ತಿ ಹಿರಿದು ಬಂದಿಲ್ಲ.

ನಮ್ಮವರೇ ಆದ ಒಬ್ಬ ಹಿರಿಯರು ಮಾತ್ರ ಈ ಗಂಡಾಂತರಗಳಿಂದ ದೂರವಿದ್ದರು. ರಾಷ್ಟ್ರಕೂಟರ ಕಾಲದ ಜೈನ ಆಚಾರ್ಯರು. ಮಗದುಮ್ಮ ಸರ್ ಇವರ ವಿಷಯ ಬಂದರೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಹೇಳುತ್ತಿದ್ದರು. ಅವರ ಲೆಕ್ಕಗಳಲ್ಲಿ ಮಾವಿನಹಣ್ಣಿನ ರಾಶಿ ಇರುತ್ತಿತ್ತು, ದುಂಬಿಗಳ ಹಿಂಡು ಇರುತ್ತಿತ್ತು, ಗಂಡಹೆಂಡಿರ ಸರಸದಲ್ಲಿ ಹರಿದ ಮುತ್ತಿನ ಸರವೂ ಇರುತ್ತಿತ್ತು. ಅಂಥವರೂ ಒಂದು ಕಡೆ ಎಡವಿದರು ಎಂದು ಸರ್ ದನಿ ತಗ್ಗಿಸಿ ಹೇಳಿದರು. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದು ಬರೆದುಬಿಟ್ಟರಂತೆ. ಇವತ್ತಿನ ಗಣಿತದಲ್ಲಿ ಸೊನ್ನೆಯಿಂದ ಭಾಗಿಸುವಂತೆಯೇ ಇಲ್ಲ.

ನಾನು ಮನೆಗೆ ಬಂದು ಆಯಿಗೆ, ಅಂದರೆ ನನ್ನ ಅಜ್ಜಿಗೆ, ಈ ತಪ್ಪು ವರದಿ ಮಾಡಿದೆ. ಆಯಿ ಶೇಂಗಾ ಬಿಡಿಸುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು: "ಡಬ್ಬಿಯಾಗ ಹತ್ತು ಉಂಡಿ ಅದಾವು. ಹಂಚಾಕ ಮನ್ಯಾಗ ಯಾರೂ ಇಲ್ಲ. ಎಷ್ಟು ಉಳೀತಾವು?"

"ಹತ್ತು."

"ಮತ್ತ ಆಚಾರ್ಯರು ಏನ್ ತಪ್ಪು ಬರದಾರ? ನಿಮ್ಮ ಸರ್‌ಗ ಹೋಗಿ ಹೇಳು, ದೊಡ್ಡವರ ಲೆಕ್ಕಾ ತಿದ್ದೂಕಿಂತ ಮೊದಲ ಉಂಡಿ ಡಬ್ಬಿ ತಗದು ನೋಡಬೇಕಂತ."

ಮರುದಿನ ಸರ್‌ಗೆ ಹೇಳಿದೆ. ಅವರು ಸೀಮೆಸುಣ್ಣ ಕೆಳಗಿಟ್ಟು, "ನಿಮ್ಮ ಆಯಿ ಜೋಡಿ ವಾದಾ ಮಾಡೂದು ನನ್ನ ಪಗಾರದಾಗ ಬರೂದಿಲ್ಲೋ ಮಾರಾಯಾ" ಎಂದರು.

ಆಯಿಗೆ ದೊಡ್ಡ ಸಂಖ್ಯೆಗಳೂ ಗೊತ್ತಿದ್ದವು. ಬಸದಿಯಲ್ಲಿ ಕೇಳಿ ಬಂದದ್ದು. ಊರಷ್ಟು ಅಗಲದ ಒಂದು ತಗ್ಗು ತೆಗೆದು ಅದರ ತುಂಬ ಎಳೆಕೂಸಿನ ಕೂದಲನ್ನು ಸಣ್ಣಗೆ ಕತ್ತರಿಸಿ ಗಿಡಿಯಬೇಕು. ನೂರು ವರ್ಷಕ್ಕೊಂದು ತುಣುಕು ತೆಗೆಯಬೇಕು. ತಗ್ಗು ಖಾಲಿಯಾಗುವಷ್ಟು ಕಾಲಕ್ಕೆ ಜೈನರ ಲೆಕ್ಕದಲ್ಲಿ ಒಂದು ಪಲ್ಯ ಎಂದು ಹೆಸರು. ನನ್ನ ಪ್ರಶ್ನೆ ಬೇರೆ: ಗಾಳಿ ಬಿಟ್ಟರೆ? ತೆಗೆಯುವವನು ಮಧ್ಯದಲ್ಲಿ ಸತ್ತರೆ? ಎಷ್ಟು ತೆಗೆದೆ ಎಂಬುದೇ ಮರೆತುಹೋದರೆ? ಆಯಿ ನನ್ನ ತಲೆ ಸವರಿ ಅಮ್ಮನಿಗೆ ಹೇಳಿದಳು: "ಈ ಹುಡುಗ ಮೋಕ್ಷಕ್ಕ ಹೋದ್ರೂ ಬಾಗಿಲಾ ಹಾಕೇನೋ ಇಲ್ಲೋ ಅಂತ ತಿರುಗಿ ಬರ್ತಾನ."

ಈಗ ಮುತ್ತಿನ ವಿಷಯ. ಬಿಜಾಪುರದ ಕಡೆಯವನೆಂದು ನಮ್ಮವರೂ, ಸಹ್ಯಾದ್ರಿಯ ಆ ಮಗ್ಗುಲಿನವನೆಂದು ಮರಾಠಿಯವರೂ ಇವತ್ತಿಗೂ ಜಗ್ಗಾಡುವ ಒಬ್ಬ ಮಹಾ ಗಣಿತಜ್ಞನಿದ್ದ. ಗ್ರಹಗಳ ಲೆಕ್ಕದಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಸರ್ ಅವನನ್ನು ಬಟ್ಟಲಜ್ಜ ಎನ್ನುತ್ತಿದ್ದರು. ಅವನಿಗೊಬ್ಬ ಮಗಳು. ಒಂದೇ ಒಂದು ಗಳಿಗೆಯಲ್ಲಿ ಲಗ್ನವಾದರೆ ಮಾತ್ರ ಅವಳ ಬಾಳು ನೆಟ್ಟಗೆ, ಅದು ತಪ್ಪಿದರೆ ಇಲ್ಲ ಎಂದು ಅವನ ಲೆಕ್ಕ ಹೇಳಿತು. ತಳದಲ್ಲಿ ಸಣ್ಣ ತೂತಿದ್ದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟ. ಬಟ್ಟಲು ತುಂಬಿ ಮುಳುಗುವುದೇ ಮುಹೂರ್ತ. ಮದುಮಗಳು ಕುತೂಹಲದಿಂದ ಬಗ್ಗಿ ನೋಡಿದಳು. ಅವಳ ಆಭರಣದ ಒಂದು ಮುತ್ತು ಜಾರಿ ಬಟ್ಟಲಿಗೆ ಬಿದ್ದು ತೂತು ಮುಚ್ಚಿತು. ಎಲ್ಲರೂ ಕಾದರು. ಬಟ್ಟಲು ಮುಳುಗಲೇ ಇಲ್ಲ. ಗಳಿಗೆ ದಾಟಿತು. ಆಮೇಲೆ ಆ ತಂದೆ ಮಗಳ ಸಮಾಧಾನಕ್ಕೆ ಅವಳಿಗೇ ಹೇಳಿದಂತೆ ಗಣಿತ ಬರೆದನಂತೆ.

ಇಡೀ ಬ್ರಹ್ಮಾಂಡ ಎಣಿಸಿದವನಿಗೇ ಮಗಳ ಲಗ್ನ ಹೊತ್ತಿಗೆ ಸರಿಯಾಗಿ ಮಾಡಲು ಆಗಲಿಲ್ಲ. ಮೂವತ್ತೈದು ಬಿದ್ದವನ ಗತಿ ಏನು? ಅಂದಿನಿಂದ ನಾನು ಗಡಿಯಾರಗಳನ್ನು ನಂಬುವುದು ಬಿಟ್ಟೆ. ನಮ್ಮ ಮನೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ ಇರುತ್ತದೆ, ನಾನೇ ಇಡುತ್ತೇನೆ. ಪದ್ಮಾವತಿ ಅದರಲ್ಲಿ ಹತ್ತು ಕಳೆದು ಓದುತ್ತಾಳೆ. ಇದು ನನಗೆ ತಿಳಿದು ಇಪ್ಪತ್ತು ನಿಮಿಷ ಮುಂದಿಟ್ಟೆ. ಆಕೆ ಅದನ್ನೂ ಕಳೆದಳು. ನಮ್ಮ ದಾಂಪತ್ಯವೆಂದರೆ ಹೀಗೆ ನಾನು ಕೂಡಿಸುತ್ತ, ಆಕೆ ಕಳೆಯುತ್ತ ಬಂದದ್ದು.

ಇಂಥ ಮನೆಯಲ್ಲಿ ಹುಟ್ಟಿದ ಮಗಳು ಸನ್ಮತಿ ಗಣಿತದ ಟೀಚರಾದಳು. ಯಾರ ಕಡೆಯಿಂದ ಬಂತೋ ಆ ಬುದ್ಧಿ, ಎರಡೂ ಮನೆತನದವರು ತಮ್ಮದಲ್ಲ ಎನ್ನುತ್ತಾರೆ. ಅವಳು ಹೈಸ್ಕೂಲಿನಲ್ಲಿದ್ದಾಗ ಈ ಬಟ್ಟಲಿನ ಕತೆ ಹೇಳಿದ್ದೆ. ಮಕ್ಕಳು ಹುಷಾರಾಗಿರಲಿ ಎಂಬ ಉದ್ದೇಶ. ಅವಳು ಜಡೆ ಹೆಣೆದುಕೊಳ್ಳುತ್ತ ಕೇಳಿದಳು: "ಅಪ್ಪಾ, ಬಟ್ಟಲಾ ಇಟ್ಟಾವ ಯಾರು?"

"ಅಪ್ಪ."

"ತೂತು ಕೊರದಾವ?"

"ಅವನಽ."

"ಅಷ್ಟು ದೊಡ್ಡ ಗಣಿತಜ್ಞಗ, ಬಟ್ಟಲದ ಮುಂದ ಒಬ್ಬರನ್ನ ಕಾಯಾಕ ಕುಂದರಸಬೇಕು ಅನ್ನೂದು ತಿಳೀಲಿಲ್ಲ? ಲೆಕ್ಕ ತಪ್ಪಿದ್ದು ಅಪ್ಪಂದು, ಹೆಸರು ಕೆಟ್ಟಿದ್ದು ಮಗಳದು. ಬಗ್ಗಿ ನೋಡಿದ್ಳು ಅಂತ ಇಷ್ಟು ನೂರು ವರ್ಷ ಆಕೀನ್ನ ಬೈಯಾಕತ್ತಾರ."

ಆಮೇಲೆ ಟೀಚರಾದ ಮೇಲೆ ಇನ್ನೊಂದು ಸುದ್ದಿ ತಂದಳು. ಈ ಕತೆಯನ್ನು ಆ ಮಹಾಶಯ ಎಲ್ಲಿಯೂ ಬರೆದಿಲ್ಲವಂತೆ, ಎಷ್ಟೋ ಕಾಲದ ನಂತರ ಯಾರೋ ಸೇರಿಸಿದ್ದಂತೆ. ನನಗೆ ಸಮಾಧಾನವಾಗಲಿಲ್ಲ. ಸುಳ್ಳು ಕತೆಯ ಮುತ್ತಾದರೂ ನಿಜವಾದ ತೂತು ಮುಚ್ಚಬಾರದೆಂದು ಎಲ್ಲಿದೆ?

ಕೊಕಟನೂರಿನ ಸಂಬಂಧ ಬಂದದ್ದು ಮಗಳ ಕಡೆಯಿಂದಲೇ. ಹುಡುಗ ವೈಭವ ಅಥಣಿಯಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಿದ್ದಾನೆ. ಗೆಳತಿಯೊಬ್ಬಳ ಲಗ್ನದಲ್ಲಿ ಪರಿಚಯವಾಗಿ, ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಅದಕ್ಕೆ ಮೊದಲು ಬಂದ ಸಂಬಂಧಗಳಿಗೆಲ್ಲ ಸನ್ಮತಿ, ಉತ್ತರ ತಪ್ಪಿದ ಲೆಕ್ಕಕ್ಕೆ ಎಳೆಯುವ ಗೆರೆಯಂಥದೊಂದು ನೋಟ ಬೀರಿ ಒಳಗೆ ಹೋಗಿದ್ದಳು. ಈ ಸಲ ತಾನೇ ಚಹಾಕ್ಕೆ ಏಲಕ್ಕಿ ಕುಟ್ಟಿದಳು. ಕುಟ್ಟುವ ಸಪ್ಪಳದಲ್ಲೇ ನನಗೆ ವಿಷಯ ತಿಳಿಯಿತು. ಅಂದಿನಿಂದ ನನ್ನ ನಿದ್ದೆ ಹೋಯಿತು. ಮಗಳಿಗೆ ಬೇಡವಾದ ಸಂಬಂಧ ಮುರಿದರೆ ಮಾತಿಗೆ ಮುಗಿಯುತ್ತದೆ. ಬೇಕಾದದ್ದು ಮುರಿದರೆ?

ಮಾತುಕತೆಗೆ ಬೀಗರು ಅಪ್ಪಾಸಾಹೇಬರು ಬಂದರು, ಜೊತೆಗೆ ಅವರ ತಾಯಿ ಚಂಪಾಬಾಯಿ. ಮುಪ್ಪಿನ ಜೀವ, ಆದರೆ ಕಣ್ಣು ಸೂಜಿ. ಎಲ್ಲ ಮಾತು ಮುಗಿದು ಬಾಯಿ ಸಿಹಿ ಮಾಡುವ ಹೊತ್ತಿಗೆ ಆಕೆ ಹೇಳಿದರು:

"ನಂದೊಂದಽ ಮಾತೈತಿ. ಮದಮಕ್ಕಳ ತಲಿಮ್ಯಾಲ ಅಕ್ಕಿಕಾಳು ಬರೋಬ್ಬರಿ ವ್ಯಾಳ್ಯಾಕ್ಕ ಬೀಳಬೇಕು. ನನ್ನ ಲಗ್ನದಾಗ ತಡಾ ಆತ್ರಿ. ಅವತ್ತಿಂದ ನಮ್ಮನಿಯವ್ರು ಊಟಕ್ಕ ತಡಾ, ಬಿತ್ತಗಿಗೆ ತಡಾ, ಹಡದ ಮಗನ ಮಾರಿ ನೋಡಾಕ ತಡಾ. ಕಡೀಕ ದವಾಖಾನಿಗೂ ತಡಾ ಮಾಡಿ ಹೋದ್ರು."

ಆಗ ಯಾರೂ ಮಾತಾಡದಿದ್ದರೆ ಚೆನ್ನಾಗಿತ್ತು; ಪದ್ಮಾವತಿಯ ತಮ್ಮ, ನಾನು ಮೊದಲೇ ಹೇಳಿದ ಸೋದರಮಾವ, ಹಗುರ ಮಾಡಲೆಂದು ಬಾಯಿ ಹಾಕಿದ: "ಐದು ಮಿನಿಟ ಹಿಂದ ಮುಂದ ನಡೀತೈತಿ ಬಿಡ್ರಿ ಆಯಿ. ದೇವರೇನ್ ಗಡಿಯಾರ ಕಟಗೊಂಡ ಕುಂತಿರ್ತಾನ?"

ಚಂಪಾಬಾಯಿ ಚಹಾದ ಕಪ್ಪು ಬಸಿ ಕೆಳಗಿಟ್ಟರು. "ನಡೀತೈತಿ ಅನ್ನೂ ಮನಿ ಬ್ಯಾರೆ ನೋಡ್ಕೋತೇವಿ. ಏಳಪಾ ಅಪ್ಪಾಸಾಹೇಬ" ಎಂದರು.

ಬಸಿ ನೆ‍ಲಕ್ಕೆ ತಾಗಿದ ಆ ಸಪ್ಪಳಕ್ಕೆ ಅಡುಗೆಮನೆಯ ಬಾಗಿಲಲ್ಲಿ ಸನ್ಮತಿಯ ಮುಖ ಕಂಡಿತು. ಹತ್ತನೆಯ ತರಗತಿಗೆ ಗಣಿತ ಕಲಿಸುವ, ಯಾರಿಗೂ ಅಂಜದ ನನ್ನ ಮಗಳ ಮುಖ ಸುಣ್ಣದಂತಾಗಿತ್ತು. ನಾನು ಎದ್ದು ನಿಂತು, ಜೀವಮಾನದಲ್ಲಿ ಮೊದಲ ಸಲ ಯಾವುದಕ್ಕೋ ಖಾತ್ರಿ ಕೊಟ್ಟೆ: "ಆಯಿ, ಕುಂದರ್ರಿ. ಹನ್ನೆರಡು ಮೂವತ್ತೈದು ಅಂದ್ರ ಹನ್ನೆರಡು ಮೂವತ್ತೈದು. ಒಂದು ಮಿನಿಟ ಆ ಕಡೆ ಈ ಕಡೆ ಆದ್ರ ನನ್ನ ಕೇಳ್ರಿ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಕಪ್ಪು ಎತ್ತಿಕೊಂಡರು. ಬಾಗಿಲಲ್ಲಿ ನಿಂತ ಮುಖಕ್ಕೆ ಬಣ್ಣ ಮರಳಿತು. ನನ್ನದರಿಂದ ಹೋಯಿತು.

ಲಗ್ನ ಚಿಕ್ಕೋಡಿಯಲ್ಲಿ, ಹೋದ ಮಾಗಿಯಲ್ಲಿ, ಕಬ್ಬಿನ ಹಂಗಾಮು ಜೋರಾಗಿದ್ದಾಗ. ದಿಬ್ಬಣ ಹತ್ತು ಗಂಟೆಗೆ ಬಂದರೆ ಸಾಕಿತ್ತು. ನಾನು ಬೀಗರಿಗೆ ಒಂಬತ್ತು ಎಂದು ಹೇಳಿದೆ. ಸಂಖ್ಯೆ ಕೂಡಿಸುವಾಗ ಸರ್ ಹೇಳುತ್ತಿದ್ದ ಮಾತು ನೆನಪಿತ್ತು: ಕೈಯಾಗ ಒಂದು ಇಟ್ಟುಗೊಳ್ರಿ, ಮರೀಬ್ಯಾಡ್ರಿ. ಆದರೆ ಅಪ್ಪಾಸಾಹೇಬರೂ ತಾಯಿಗೆ ಅಂಜಿ ಬಸ್ಸಿನವನಿಗೆ ಒಂದು ತಾಸು ಮೊದಲು ಹೇಳಿದ್ದರು. ಬಸ್ಸಿನವನು ಕಬ್ಬಿನ ಟ್ರ್ಯಾಕ್ಟರಿಗೆ ಅಂಜಿ ತಾನೂ ಒಂದು ತಾಸು ಕೂಡಿಸಿದ್ದ. ಮೂವರ ಕೈಯಲ್ಲಿದ್ದ ಒಂದೊಂದೂ ಸೇರಿ, ಕಾರ್ಯಾಲಯದ ಕಸ ಗುಡಿಸುವ ಹೊತ್ತಿಗೇ ದಿಬ್ಬಣ ಬಂದು ಬಾಗಿಲಲ್ಲಿ ನಿಂತಿತು. ದಾರಿಯಲ್ಲಿ ಒಂದು ಟ್ರ್ಯಾಕ್ಟರೂ ಎದುರಾಗಲಿಲ್ಲವಂತೆ. ಅವುಗಳ ಡ್ರೈವರುಗಳು ಇನ್ನೂ ಮುಖ ತೊಳೆಯುತ್ತಿದ್ದರು. ನಾನು ನಾಷ್ಟಾದ ಗತಿ ಏನೆಂದು ಓಡಿದರೆ ಒಲೆಯ ಮೇಲೆ ಉಪ್ಪಿಟ್ಟು ಹಬೆಯಾಡುತ್ತಿತ್ತು.

"ನೀವು ಒಂದು ತಾಸು ಮೊದಲ ಹೇಳಿರ್ತೀರಿ, ನಿಮ್ಮಂಥಾವ್ರು ಆ ಕಡೇನೂ ಒಬ್ಬರು ಇರ್ತಾರ ಅಂತ ಗೊತ್ತಿತ್ತು" ಎಂದಳು ಪದ್ಮಾವತಿ. "ಅಡಗಿಯವ್ರನ್ನ ನಸುಕಿನ್ಯಾಗ ಕರಸೇನಿ. ಹೋಗ್ರಿ, ಶಲ್ಯಾ ನೆಟ್ಟಗ ಹೊದ್ದುಗೊಳ್ರಿ."

ಮುಂದೆ ಎಲ್ಲವೂ ನಡೆದ ರೀತಿ ನೋಡಿದರೆ ಭಯವಾಗುತ್ತಿತ್ತು. ಕರೆಂಟು ಹೋಗಲಿಲ್ಲ. ಸಾರು ಹದವಾಗಿತ್ತು. ಗೆಳೆಯರು ಕುಣಿದರು, ಆದರೆ ಮೂರು ತಾಸು ಕುಣಿದು ಸಾಕಾಗಿ ತಾವೇ ಕೂತರು. ಸೋದರಮಾವ ನಗುನಗುತ್ತ ತಲೆಗೆ ಫೆಟಾ ಸುತ್ತಿಸಿಕೊಂಡ. ನಾನು ಸನ್ಮತಿಯ ದಂಡೆಯ ಮುತ್ತುಗಳನ್ನು ಒಂದೊಂದಾಗಿ ಜಗ್ಗಿ ನೋಡಿದೆ, ಅವಳು, "ಅಪ್ಪಾ, ಇದು ಪ್ಲಾಸ್ಟಿಕ್. ಇಲ್ಲಿ ಯಾವ ಬಟ್ಟಲಾನೂ ಇಲ್ಲ" ಎಂದು ನನ್ನ ಕೈ ಸರಿಸಿದಳು.

ಬಟ್ಟಲಿರಲಿಲ್ಲ, ಆದರೆ ಗಡಿಯಾರಗಳಿದ್ದವು. ಕಾರ್ಯಾಲಯದ ಗೋಡೆಯದು, ಬೀಗರ ಕೈಯದು, ನನ್ನದು, ಮೂರೂ ಮೂರು ಬೇರೆ ಬೇರೆ ಹೊತ್ತು ಹೇಳುತ್ತಿದ್ದವು. ಉಪಾಧ್ಯೆಯವರು ತಮ್ಮದನ್ನು ಕಿವಿಗಿಟ್ಟು ನೋಡಿ, "ಇದು ಹೋದ ವಾರದ ಲಗ್ನದಾಗಽ ನಿಂತೈತಿ" ಎಂದರು. ಕೊನೆಗೆ ಅಪ್ಪಾಸಾಹೇಬರು ಒಂದು ತೀರ್ಪು ಕೊಟ್ಟರು: "ಫೋನಿನ ಟೈಮ್ ಖರೇ. ಬೀಗರ, ನೀವು ಫೋನ್ ಹಿಡದು ನಿಂದರ್ರಿ. ಮೂವತ್ತೈದು ಆದ ಕೂಡ್ಲೆ ಕೈ ಎತ್ರಿ. ನೀವು ಕೈ ಎತ್ತಿದ್ರ ಅಕ್ಕಿಕಾಳು." ಎದುರಿನ ಕುರ್ಚಿಯಲ್ಲಿ ಚಂಪಾಬಾಯಿ ನನ್ನ ಮೇಲೆ ಕಣ್ಣು ನೆಟ್ಟು ಕೂತಿದ್ದರು.

ಮಂಗಳಾಷ್ಟಕ ಶುರುವಾಯಿತು. ವಧು ಈ ಕಡೆ, ವರ ಆ ಕಡೆ, ನಡುವೆ ಅಂತರಪಟದ ಬಿಳಿ ಬಟ್ಟೆ. ಎಲ್ಲರ ಮುಷ್ಟಿಯಲ್ಲೂ ಅರಿಶಿನ ಹಚ್ಚಿದ ಅಕ್ಕಿ. ಪ್ರತಿ ಪದ್ಯದ ಕೊನೆಯ 'ಸಾವಧಾನ'ಕ್ಕೂ ನಾಲ್ಕು ಕಾಳು ಚೆಲ್ಲುವವರು ನಮ್ಮಲ್ಲಿದ್ದಾರೆ. ನಾನು ಹಾಗೆ ಖರ್ಚು ಮಾಡುವವನಲ್ಲ. ಕೊನೆಯ ಸಾವಧಾನಕ್ಕೆಂದು, ಅಂತರಪಟ ಸರಿದು ಮಗಳು ತಲೆ ಎತ್ತುವ ಆ ಗಳಿಗೆಗೆಂದು, ಬಲಗೈ ತುಂಬ ಹಿಡಿದು ಕಾದೆ. ಎಡಗೈಯಲ್ಲಿ ಫೋನು. ಹನ್ನೆರಡು ಮೂವತ್ತೆರಡಕ್ಕೆ ಎಂಟೂ ಮುಗಿದವು. ನಿಪ್ಪಾಣಿಯ ಅಕ್ಕ ಶಕುಂತಲಾ ಸೆರಗು ಹೊದ್ದುಕೊಂಡು ಎದ್ದಳು, ಚೀಟಿ ಬಿಚ್ಚಿದಳು, ಮರಾಠಿಯಲ್ಲಿ ಒಂಬತ್ತನೆಯದನ್ನು ಎತ್ತಿಕೊಂಡಳು. ಆಕೆ ಹಾಡಿನಲ್ಲಿ ನಮ್ಮ ಅಜ್ಜನ ಹೆಸರು ತಂದಳು, ಆಯಿಯದು ತಂದಳು, ಕೊಕಟನೂರು ಬಂತು, ಪಾಲಬಾವಿ ಬಂತು. ಮೂವತ್ತಮೂರು. ಪದ್ಮಾವತಿಯ ತವರು ಏಕಸಂಬಿಯೂ ಬಂತು. ಮೂವತ್ತನಾಲ್ಕು. ನಾನು ಕಣ್ಣಿನಲ್ಲೇ ಕೈಮುಗಿದೆ. ಅಕ್ಕ ನನ್ನ ಕಡೆ ನೋಡಲೇ ಇಲ್ಲ, ಆಲಾಪ ಎಳೆದಳು. ನನಗೆ ಫೋನಿನ ಆ ನಾಲ್ಕು ಅಂಕಿಗಳ ಹೊರತು ಜಗತ್ತಿನಲ್ಲಿ ಏನೂ ಉಳಿಯಲಿಲ್ಲ. ಕೊನೆಯ ನಾಲ್ಕು ಅಲುಗಾಡದು. ಅಲುಗಾಡದು. ತೂತು ಮುಚ್ಚಿತೇ?

ನಾಲ್ಕು ಹೋಗಿ ಐದು ಬಂತು. ಎಡಗೈ ಎತ್ತಿದೆ. ಅದೇ ಉಸಿರಿಗೆ ಅಕ್ಕನ 'ಸಾವಧಾನ' ಬಿತ್ತು. ಬ್ಯಾಂಡು ಸಿಡಿಯಿತು.

ಆಮೇಲೆ ತಿಳಿಯಿತು, ಆಕೆ ಒಂದು ತಿಂಗಳಿಂದ ಮನೆಯಲ್ಲಿ ಫೋನು ಮುಂದಿಟ್ಟುಕೊಂಡು ಆ ಹಾಡನ್ನು ಅಳೆದು ಅಳೆದು ಹಾಡಿದ್ದಳಂತೆ. "ನಿನ್ನ ಅಕ್ಕ ಅದೀನಿ. ನೀ ಹುಟ್ಟಿದಾಗಿಂದ ನಿನ್ನ ಅಂಜಿಕಿ ನೋಡಾಕತ್ತೇನಿ, ನನಗ ತಿಳಿಯೂದಿಲ್ಲೇನು?" ಎಂದಳು.

ಚಂಪಾಬಾಯಿ ಕುರ್ಚಿಯಿಂದಲೇ ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು: "ಮಾತಿನ ಮನಶ್ಯಾ ಅದಾನ." ನನ್ನ ಎದೆ ಹಿಗ್ಗಿತು. ಎರಡೂವರೆ ಸಾವಿರ ವರ್ಷದ ನಮ್ಮ ಮನೆತನದಲ್ಲಿ ಯಾವ ಮಾವನೂ ಕಾಕಾನೂ ಅಜ್ಜನೂ ಮಾಡಲಾರದ್ದನ್ನು ಮೂವತ್ತೈದು ಬಿದ್ದವನು ಮಾಡಿದ್ದ. ಸುತ್ತ ನಿಂತವರಿಗೆಲ್ಲ ಫೋನು ತೋರಿಸಿದೆ. ಜನ ಜರುಗಿ, ಅಪ್ಪಿಕೊಂಡು, ಫೋಟೋ ತೆಗೆಸಿಕೊಳ್ಳುವ ಗದ್ದಲದಲ್ಲಿ ಅಪ್ಪಾಸಾಹೇಬರು ದಾರಿ ಮಾಡಿಕೊಂಡು ಬಂದರು. "ಗೆದ್ರಿ ಬೀಗರ" ಎಂದು ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು.

ಕೈ ಬಿಚ್ಚಲಿಲ್ಲ. ಅವರೇ ಬೆರಳು ಬಿಡಿಸಿದರು. ಬೆವರಿಗೆ ಮುದ್ದೆಯಾದ ಒಂದು ಮುಷ್ಟಿ ಅಕ್ಕಿ ಅವರ ಪಾದದ ಮೇಲೆ ಬಿತ್ತು.

ಅಪ್ಪಾಸಾಹೇಬರು ಕೆಳಗೆ ನೋಡಿದರು, ನನ್ನನ್ನು ನೋಡಿದರು. "ಇದೇನ್ರಿ ಬೀಗರ, ನನಗ ಅಕ್ಕಿಕಾಳು ಹಾಕ್ತೀರಿ? ನನ್ನ ಲಗ್ನ ಆಗಿ ಮೂವತ್ತು ವರ್ಷ ಆತು. ಮನ್ಯಾಗ ಕೇಳಿದ್ರ ಕಷ್ಟ ಐತಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತ ನೆನಪು ಮಾಡಿಕೊಳ್ಳಲು ನೋಡಿದೆ: ಅಂತರಪಟ ಸರಿದಾಗ ಸನ್ಮತಿ ತಲೆ ಎತ್ತಿದಳೇ? ನಕ್ಕಳೇ? ಕಣ್ಣಲ್ಲಿ ನೀರಿತ್ತೇ? ವೈಭವನನ್ನು ಮೊದಲು ನೋಡಿದಳೋ, ನನ್ನ ಕಡೆ ನೋಡಿದಳೋ? ನೆನಪಿನಲ್ಲಿ ಇದ್ದದ್ದು ಒಂದು, ಎರಡು, ಮೂರು, ಐದು ಎಂಬ ನಾಲ್ಕು ಅಂಕಿಗಳು.

ಮಂಟಪದ ಮೇಲಿಂದ ಸನ್ಮತಿ ಎಲ್ಲ ನೋಡುತ್ತಿದ್ದಳು. ಹತ್ತಿರ ಹೋದೆ. ಅವಳ ದಂಡೆಯ ಮುತ್ತುಗಳೆಲ್ಲ ಇದ್ದಲ್ಲೇ ಇದ್ದವು. ತಲೆಯ ಮೇಲೆ ಊರವರೆಲ್ಲರ ಅಕ್ಕಿ ಇತ್ತು.

"ಅಪ್ಪಾ," ಎಂದಳು, "ಈ ಸಲ ಬಟ್ಟಲದಾಗ ಬಗ್ಗಿ ನೋಡಿದ್ದು ಮಗಳಲ್ಲ, ತಿಳೀತಿಲ್ಲೋ?"

ನನ್ನ ಅಂಗೈಗೆ ಇನ್ನೂ ಐದಾರು ಕಾಳು ಅಂಟಿಕೊಂಡಿದ್ದವು. ಅವಳು ತಲೆ ಬಗ್ಗಿಸಿದಳು. ಹಾಕುವ ಮೊದಲು, ಚಟ ನೋಡಿ, ಎಡಗೈಯ ಫೋನು ನೋಡಿದೆ.

ಹನ್ನೆರಡು ಮೂವತ್ತೊಂಬತ್ತು. ಲಗ್ನ ಹೊತ್ತಿಗೆ ಸರಿಯಾಗಿ ಆಗಿತ್ತು. ಅಪ್ಪ ನಾಲ್ಕು ನಿಮಿಷ ತಡವಾಗಿ ಬಂದಿದ್ದ.